ಸಾವಿನ ಪುಟದಲ್ಲಿ ಮುಚ್ಚಿದ ಪುಸ್ತಕ

ಪುಸ್ತಕ ಮುಚ್ಚಿದವನು ನಾನೇ. ಗಾಳಿ, ಬೆಕ್ಕು ಎರಡರ ಮೇಲೂ ತಪ್ಪು ಹಾಕಿ ನೋಡಿದ್ದೆ. ಆ ದಿನ ಗಾಳಿ ಇರಲಿಲ್ಲ. ಮಾಸ್ತರರ ಮನೆಯಲ್ಲಿ ಬೆಕ್ಕು ಯಾವತ್ತೂ ಇರಲಿಲ್ಲ.

ಅಘನಾಶಿನಿ ಎಂಬ ಊರಿನಲ್ಲಿ ನಮ್ಮ ಮನೆಯ ಹಿಂದೆಯೇ ನಿವೃತ್ತ ಮಾಸ್ತರರ ಜಗಲಿ. ಪ್ರತಿ ಭಾನುವಾರ ಮಧ್ಯಾಹ್ನ ಅವರು ಅಲ್ಲಿ ಹಳೆಯ ಕಾವ್ಯ ಓದಿ ಅರ್ಥ ಹೇಳುತ್ತಿದ್ದರು. ಹತ್ತು ಹನ್ನೆರಡು ಕೇಳುಗರು; ಕೆಲವರ ಕೈಯಲ್ಲಿ ಹರಿದ ಬಲೆ, ಕೆಲವರ ಕಣ್ಣಲ್ಲಿ ನಿದ್ದೆ. ನಾನು ಕುಮಟೆಯ ಕಾಲೇಜಿಗೆ ಹೋಗುತ್ತ, ಕಂಡವರ ದನಿ ಕದಿಯುತ್ತಿದ್ದ ಪ್ರಾಣಿ. ಬಸ್ ಕಂಡಕ್ಟರ್, ಮೀನು ಹರಾಜು ಕೂಗುವವ, ಅಪ್ಪ ಸೀನುವುದು, ಎಲ್ಲ ಬರುತ್ತಿತ್ತು. ಮಾಸ್ತರರು ತಿಂಗಳುಗಟ್ಟಲೆ ಓದುವ ಕಾವ್ಯವನ್ನು ಅವರದೇ ದನಿಯಲ್ಲಿ, ಮೂಗಿನಿಂದ ರಾಗ ಎಳೆದು, ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ದೊಡ್ಡ ಯುದ್ಧದ ಕಾವ್ಯ ನನ್ನ ಕೈಯಲ್ಲಿ ಹೀಗಾಗಿತ್ತು:

ಅಣ್ಣ ತಮ್ಮರ ಗದ್ದೆ ತಕರಾರು,
ಪಂಚಾಯ್ತಿಗೆ ದೇವರೇ ತಯಾರು;
ಗೆದ್ದವ ಗದ್ದೆಗೆ ಇಳಿದು ನೋಡಿದ,
ಉಳಲಿಕ್ಕೆ ಜನ ಇಲ್ಲ, ಕಾಡಿಗೆ ಓಡಿದ!

ಮಾಸ್ತರರೇ ನಕ್ಕಿದ್ದರು. "ಚಲೋ ಅದೆ ತಮಾ. ತಲೆ ಅದೆ, ಬಾಲ ಅದೆ. ನಡೂ ಮಧ್ಯ ಹೊಟ್ಟೆಯೇ ಇಲ್ಲ ನೋಡು."

ಆ ಜಗಲಿಗೊಂದು ಕಟ್ಟಳೆಯಿತ್ತು. ಓದಿನಲ್ಲಿ ಯಾರಾದರೂ ಸತ್ತರೆ ಅಲ್ಲಿಗೇ ಪುಸ್ತಕ ಮುಚ್ಚುವಂತಿಲ್ಲ. ಮುಂದೆ ಒಂದು ಹುಟ್ಟೋ, ಮದುವೆಯೋ, ಯಾರೋ ಮನೆಗೆ ಮರಳಿದ್ದೋ ಸಿಗುವ ತನಕ ಓದಲೇಬೇಕು. ಆಮೇಲೆ ಮಂಗಳ, ಆಮೇಲೆ ಅವಲಕ್ಕಿ. ಒಮ್ಮೆ ಮುಚ್ಚಿದರೆ ಮುಂದಿನ ಭಾನುವಾರದವರೆಗೆ ತೆರೆಯುವಂತಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಹೊಸತು. ಆ ಭಾನುವಾರದ ಓದಿನಲ್ಲಿ ಎಳೆಯ ಹುಡುಗನೊಬ್ಬ ಯುದ್ಧಕ್ಕೆ ಹೋಗಿ ಸತ್ತ. ಅಷ್ಟರಲ್ಲಿ ಮಾಸ್ತರರಿಗೆ ಕೆಮ್ಮು ಹತ್ತಿತು. "ಮುಂದೆ ಒಂದು ಮಗು ಹುಟ್ತದೆ, ಅಲ್ಲಿ ತಂಕ ಓದ್ತಿರು. ಬಿಸಿನೀರು ಕುಡ್ದು ಬತ್ತೆ" ಎಂದು ಪುಸ್ತಕ ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದರು. ಪುಟ ತಿರುವಿದೆ. ಶೋಕ, ಮತ್ತೊಂದು ಪುಟ, ಮತ್ತೂ ಶೋಕ. ನಾಲ್ಕು ಗಂಟೆಗೆ ಹೊಳನಗದ್ದೆಯವರ ಜೊತೆ ಕ್ರಿಕೆಟ್ ಇತ್ತು. ಪುಸ್ತಕ ಮುಚ್ಚಿ ಮಾಸ್ತರರ ದನಿ ತೆಗೆದೆ:

ಹೋಗಿ ಬತ್ತೆ ಎಂದ ಕಂದ,
ಹೋದ ಹೋದ ನೆಟ್ಟಗೆ;
ಬರುವ ದಾರಿ ಕೇಳಲಿಲ್ಲ,
ಗಂಜಿ ಆತು ತಣ್ಣಗೆ!

ಇಬ್ಬರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಎಲ್ಲರೂ ಕಂಬಕ್ಕೆ ಒರಗಿ ಕೂತ ಅಕ್ಕನನ್ನು ನೋಡುತ್ತಿದ್ದರು. ಹೊಳೆಯಲ್ಲಿ ಬಳಚು ಚಿಪ್ಪು ಹೆಕ್ಕಿ ಮಾರುವ ನಮ್ಮ ನೆರೆಮನೆಯವಳು; ನಾನು ಅಕ್ಕ ಎನ್ನುತ್ತಿದ್ದೆ. ಅವಳ ಒಬ್ಬನೇ ಮಗ, ನನ್ನ ಓರಗೆಯವ, ಹೊನ್ನಾವರದಿಂದ ಹೊರಟ ಬೋಟಿನಲ್ಲಿದ್ದ. ಶನಿವಾರವೇ ಬರಬೇಕಿತ್ತು. ಬಂದಿರಲಿಲ್ಲ. ಜಗಲಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ.

"ಮುಚ್ಚಿದ್ಯಾ?" ಮಾಸ್ತರರು ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು.

"ಗಾಳಿಗೆ..."

ಅಕ್ಕ ನನ್ನತ್ತ ನೋಡಲೂ ಇಲ್ಲ. "ಮುಂದೆ ಎಂತ ಆತು ಮಾಸ್ತರ್ರೇ? ಯಾರಾದ್ರೂ ಮನೆಗೆ ಬಂದ್ರಾ?"

ಮಾಸ್ತರರು ಮುಚ್ಚಿದ ಪುಸ್ತಕವನ್ನು ನನ್ನ ತೊಡೆಯಿಂದ ಎತ್ತಿ ಒಳಗೆ ಒಯ್ದರು. ಅವಲಕ್ಕಿ ಹಾಗೇ ಉಳಿಯಿತು.

ಸೋಮವಾರ ಪಡುವಣ ಆಕಾಶ ದೋಸೆ ಹಂಚಿನ ತಳದ ಹಾಗೆ ಕಪ್ಪಾಯಿತು. ಹೊಳೆ ಕಡಲು ಸೇರುವ ಅಳಿವೆಯ ಮೊರೆತ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಅಕ್ಕ ತನ್ನ ಮನೆಯ ಜಗಲಿಯಲ್ಲಿ ಕೂತು ಗಳಿಗೆಗೊಮ್ಮೆ ಮಗನಿಗೆ ಫೋನು ಹಚ್ಚುತ್ತಿದ್ದಳು. ಸ್ಪೀಕರಿನಲ್ಲಿ ಅದೇ ಹೆಂಗಸಿನ ದನಿ: ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ. ಸಂಜೆಯ ಹೊತ್ತಿಗೆ ಆ ದನಿ ನನ್ನ ಗಂಟಲಿಗೆ ಬಂದು ಕೂತಿತ್ತು, ನಾನು ಕರೆಯದೆಯೇ. ಬಾಯಿ ತೆರೆದರೆ ಅದೇ ಹೊರಬಂದೀತೆಂದು ಅಮ್ಮನೊಡನೆಯೂ ಮಾತಾಡಲಿಲ್ಲ. ಅಕ್ಕನ ಪಕ್ಕದಲ್ಲೊಂದು ಪಾತ್ರೆ, ಮೇಲೆ ತಟ್ಟೆ ಮುಚ್ಚಿತ್ತು. ಒಳಗೆ ಏನಿದೆಯೆಂದು ಕೇಳುವ ಧೈರ್ಯ ನನಗಿರಲಿಲ್ಲ. ಕತ್ತಲಾಗುವಾಗ ಅವಳು ಅದನ್ನು ಕಾಗೆಗಳಿಗೆ ಸುರಿದಳು. ಗಂಜಿ.

ಮಂಗಳವಾರ ಮಾಸ್ತರರ ಬಳಿ ಓಡಿದೆ. "ಇವತ್ತೇ ಪುಸ್ತಕ ತೆಗೀರಿ. ನಾ ಓದ್ತೆ. ಮಗು ಹುಟ್ಟುವಲ್ಲಿ ತಂಕ ಓದ್ತೆ."

"ಹುಚ್ಚು ಮಾಣಿ. ಪುಸ್ತಕ ಮುಚ್ಚಿದ್ರೆ ಬೋಟು ಮುಳುಗ್ತದಾ? ಆ ಕಟ್ಟಳೆ ಸಮುದ್ರಕ್ಕೆ ಮಾಡಿದ್ದಲ್ಲ, ಕೇಳೋರಿಗೆ ಮಾಡಿದ್ದು. ಎದೆ ಮೇಲೆ ಹೆಣ ಹೊತ್ಕಂಡು ಯಾರೂ ಮನೆಗೆ ಹೋಗಬಾರ್ದು ಅಂತ."

ಇದಕ್ಕಿಂತ ಶಾಪವೇ ವಾಸಿಯಿತ್ತು. ಶಾಪವಾದರೆ ತಪ್ಪನ್ನು ದೇವರ ಮೇಲೆ ಹಾಕಬಹುದು; ಇದು ನನ್ನದೇ.

ಬುಧವಾರ ಬೆಳಿಗ್ಗೆ ಫೋನು ಬಂತು. ಇಂಜಿನ್ ಕೆಟ್ಟು ಅಲೆಯುತ್ತಿದ್ದ ಬೋಟನ್ನು ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ಭಟ್ಕಳಕ್ಕೆ ಎಳೆದು ತಂದಿದ್ದರು. ಅಕ್ಕನ ಜೊತೆ ಹೋಗುವಂತೆ ಅಮ್ಮ ನನ್ನನ್ನು ಅಟ್ಟಿದಳು. ಬಂದರಿನಲ್ಲಿ ಅಕ್ಕನ ಮಗ ಮೀನಿನ ಪೆಟ್ಟಿಗೆಯ ಮೇಲೆ ಕೂತು ಬನ್ ತಿನ್ನುತ್ತಿದ್ದ. ತುಟಿಗಳು ಉಪ್ಪಿಗೆ ಒಡೆದಿದ್ದವು. ಅಕ್ಕ ಅಳಲಿಲ್ಲ. ಅವನ ಕೈಯಿಂದ ಬನ್ನಿನ ಒಂದು ಚೂರು ಮುರಿದು ತಾನೂ ತಿಂದಳು.

ತಿರುಗಿ ಬರುವ ಬಸ್ಸಿನಲ್ಲಿ ಅವನು ತಾಯಿಯ ಹೆಗಲ ಮೇಲೆ ನಿದ್ದೆ ಹೋದ. ಹೊನ್ನಾವರದ ಸೇತುವೆ ದಾಟುವಾಗ ನನ್ನ ನಾಲಿಗೆಗೆ ಮತ್ತೆ ಜೀವ ಬಂತು. ಮಾಸ್ತರರ ದನಿಯಲ್ಲೇ ಶುರು ಮಾಡಿದೆ: "ಅಕ್ಕಾ, ನಿನ್ನ ಮಗನ ಕಥೆಗೂ ನಾಕು ಸಾಲು ಕಟ್ತೆ. ಈ ಸಲ ಮಂಗಳ ಸಮೇತ."

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಕಟ್ಟು ತಮಾ. ಹೋದದ್ದಕ್ಕೊಂದು ಸಾಲು, ಬಂದದ್ದಕ್ಕೊಂದು ಸಾಲು. ನಡುವೆ ನಾಕು ದಿನ ನಾ ಜಗಲಿ ಮೇಲೆ ಕೂತದ್ದನ್ನ ಉಳಿದ ಎರಡು ಸಾಲಲ್ಲಿ ಹಿಡಿಸು, ನೋಡ್ವ."