ಗಡಿಯಾರದ ಬೆನ್ನ ಮೇಲಿನ ಹೆಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮದುವೆಗೆ ಸೋದರಮಾವ ಉಡುಗೊರೆ ಕೊಟ್ಟಿದ್ದ ಕೈಗಡಿಯಾರವನ್ನು ನಾನು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಇಟ್ಟಿದ್ದೆ. ದುಡ್ಡಿನ ಮುಗ್ಗಟ್ಟೇನೂ ಇರಲಿಲ್ಲ. ಹೊಸದಾಗಿ ಕಲಿತ ವಿದ್ಯೆಯ ಹುಮ್ಮಸ್ಸು, ಅಷ್ಟೆ. ಹೊಲಿಗೆ ಕಲಿತ ಹೊಸದರಲ್ಲಿ ಮನೆಯ ಪರದೆಗಳನ್ನೆಲ್ಲ ಕತ್ತರಿಸಿ ಹಾಕಿದ್ದವಳೂ ನಾನೇ ಎಂದರೆ ನಿಮಗೆ ನನ್ನ ಸ್ವಭಾವ ತಿಳಿದೀತು.

ಆಗ ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠದ ಮೇಡಂ. ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಹಾಸನಕ್ಕೆ ಕರೆಸಿ ಕಂಪ್ಯೂಟರ್ ತರಬೇತಿ ಕೊಟ್ಟರು. ಮೊದಲ ದಿನ ಮೌಸು ಮುಟ್ಟಲೂ ಅಂಜಿದ್ದವಳು ಕೊನೆಯ ದಿನದ ಹೊತ್ತಿಗೆ ಹಳೆಯ ಸಾಮಾನು ಮಾರುವ ತಾಣವೊಂದರಲ್ಲಿ ನನ್ನದೇ ಖಾತೆ ತೆರೆದಿದ್ದೆ. ಮನೆಗೂ ಕಂಪ್ಯೂಟರ್ ಬಂತು. ಮದುವೆಗೆ ಯಾರೋ ಕೊಟ್ಟು, ಅಟ್ಟದ ಮೇಲೆ ಡಬ್ಬ ಕೂಡ ಬಿಚ್ಚದೆ ಕುಳಿತಿದ್ದ ಬ್ರೆಡ್ ಸುಡುವ ಯಂತ್ರವನ್ನು ಪುಣೆಯ ಹೆಂಗಸೊಬ್ಬಳು ಕೊಂಡಳು. ಅದನ್ನು ಕೊರಿಯರಿಗೆ ಕೊಟ್ಟು ಬರುವಾಗ ನನ್ನ ನಡಿಗೆಯೇ ಬದಲಾಗಿತ್ತು ಎಂದು ನಮ್ಮ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅವರದು ತೆಂಗಿನಕಾಯಿ ಮಂಡಿ. ಕೊಳ್ಳುವವನ ಮುಖ ನೋಡದೆ ವ್ಯಾಪಾರ ಮಾಡಿದವರನ್ನು ಅವರು ಕಂಡಿರಲಿಲ್ಲ.

ಯಂತ್ರದ ನಂತರ ಬೀರುವಿನೊಳಗಿನ ಗಡಿಯಾರದ ಸರದಿ ಬಂತು. ಹೆಸರಾಂತ ವಿದೇಶಿ ಕಂಪನಿಯದು. ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದೆ, ಕಟ್ಟಿಕೊಂಡಿದ್ದು ಎರಡೋ ಮೂರೋ ಸಲ. ರೇಷ್ಮೆ ರವಿಕೆ ಕಣದ ಮೇಲೆ ಅದನ್ನು ಮಲಗಿಸಿ, ಕಿಟಕಿಯ ಬೆಳಕಿನಲ್ಲಿ ಮುಂದಿನಿಂದ ಹಿಂದಿನಿಂದ ಫೋಟೋ ತೆಗೆದು ತಾಣಕ್ಕೆ ಏರಿಸಿದೆ. ಮೂರನೆಯ ದಿನ ನಾಗಪುರದಿಂದ ಒಬ್ಬ ಮಹಾಶಯರು ಬರೆದರು. ಗಡಿಯಾರ ಚೆನ್ನಾಗಿದೆ, ಆದರೆ ಇದು ಅಸಲಿ ಎನ್ನುವುದಕ್ಕೆ ಏನು ಪುರಾವೆ? ಬಿಲ್ಲು ಇದೆಯೆ? ಗ್ಯಾರಂಟಿ ಕಾರ್ಡು? ಹಿಂಭಾಗದಲ್ಲಿ ಕಂಪನಿಯವರು ಕೊರೆದಿರುವ ನಂಬರು ಕಾಣುತ್ತಿಲ್ಲವಲ್ಲ, ಅದರ ಮೇಲೆ ಜಿಲೇಬಿಯಂತೆ ಏನೋ ಬರೆದಿದೆಯಲ್ಲ, ಅದೇನು?

ಅದು ಜಿಲೇಬಿಯಲ್ಲ, ನನ್ನ ಹೆಸರು. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸದಿದ್ದರೆ ಕೊಟ್ಟವರಿಗೂ ಸಮಾಧಾನವಿಲ್ಲ, ಪಡೆದವರಿಗೂ ಇಲ್ಲ. ಪಾತ್ರೆ ಅಂಗಡಿಯಲ್ಲಿ ಒಬ್ಬ ಸಣ್ಣ ಯಂತ್ರ ಹಿಡಿದು ಗುಂಯ್ ಎನ್ನಿಸುತ್ತ ಕೊಳಗದ ಕಂಠಕ್ಕೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತಾನೆ. ಶಾಂತಿಗ್ರಾಮದ ನನ್ನ ಸೋದರಮಾವ, ನಾಲ್ಕು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನುಷ್ಯ, ಗಡಿಯಾರವನ್ನೂ ಚನ್ನರಾಯಪಟ್ಟಣದ ಅಂಥದೇ ಅಂಗಡಿಗೆ ಒಯ್ದಿದ್ದರು. ಛತ್ರದಲ್ಲಿ ಅದಲುಬದಲಾದರೆ ಗುರುತಿರಲಿ ಎಂದು. ‘ಚಿ. ಸೌ. ಗಿರಿಜೆಗೆ ಸೋದರಮಾವನಿಂದ, ಶಾಂತಿಗ್ರಾಮ.’ ಇಷ್ಟೂ ಒಂದು ರೂಪಾಯಿ ಅಗಲದ ಜಾಗದಲ್ಲಿ. ಕಂಪನಿಯ ನಂಬರು ಅದರ ಅಡಿಯಲ್ಲಿ ಎಲ್ಲೋ ಉಸಿರು ಕಟ್ಟಿಕೊಂಡಿತ್ತು.

ಆ ಅಕ್ಷರಗಳೇ ಮುಳುವಾದವು. ಛತ್ರದಲ್ಲಿ ಉಡುಗೊರೆ ಬಿಚ್ಚುವಾಗ ನನ್ನ ಅತ್ತೆ, ಅಂದರೆ ನಮ್ಮವರ ತಾಯಿ, ಗಡಿಯಾರವನ್ನು ತಿರುಗಿಸಿ ನೋಡಿ, “ಫಾರಿನ್ ವಾಚ್‌ಗೆ ಕೊಳಗದ ಅಕ್ಸರ ಯಾರ್ ಕೊರುಸ್ತಾರೆ? ಡೂಪ್ಲಿಕೇಟ್ ಇರ್ಬೇಕು ಬುಡು” ಅಂದರು. ಸೋದರಮಾವ ಹಿಂದೆಯೇ ನಿಂತಿದ್ದರು. ಅವತ್ತು ಅವರು ಊಟಕ್ಕೆ ಕೂರಲಿಲ್ಲ. ಅಲ್ಲಿಂದ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ಒಂದು ತುತ್ತು ಬಾಯಿಗಿಡಲಿಲ್ಲ. ನಾಮಕರಣಕ್ಕೆ ಬಂದರು, ಗೃಹಪ್ರವೇಶಕ್ಕೆ ಬಂದರು, ಒಂದು ಲೋಟ ನೀರು ಕುಡಿದು “ವಟ್ಟೆ ಸರೀಗಿಲ್ಲ ಕಣವ್ವ” ಎಂದು ಎದ್ದುಹೋದರು. ಹದಿನಾಲ್ಕು ವರ್ಷ ಸರಿಯಿಲ್ಲದ ಹೊಟ್ಟೆ! ಎಲ್ಲರಿಗೂ ಕಾರಣ ಗೊತ್ತಿತ್ತು. ಕೇಳಿದರೆ ಅವರಿಗೆ ನೋವಾಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಅತ್ತೆಯ ಮಾತು ನನ್ನೊಳಗೂ ಇಳಿದಿತ್ತು. ಸಹೋದ್ಯೋಗಿಗಳ ನಡುವೆ ಯಾರಾದರೂ ನಕಲಿ ಎಂದುಬಿಟ್ಟರೆ ಎಂಬ ಅಳುಕಿಗೇ ನಾನದನ್ನು ಕಟ್ಟುತ್ತಿರಲಿಲ್ಲ. ಹೆತ್ತಮ್ಮನ ತಮ್ಮನನ್ನು ನಂಬದವಳು ನಾನು.

ನಾಗಪುರದ ಪತ್ರವನ್ನು ಮತ್ತೆ ಮತ್ತೆ ಓದುತ್ತ ಕುಳಿತೆ. ಅಸಲಿ ಎಂದು ತೋರಿಸುವುದು ಹೇಗೆ? ನಮ್ಮವರು ಮಂಡಿಯಲ್ಲಿ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ, ಎರಡು ಕಾಯಿ ತಗುಲಿಸಿ ಸದ್ದು ಕೇಳುತ್ತಾರೆ. ತುಪ್ಪವನ್ನು ಅಂಗೈ ಹಿಂಬದಿಗೆ ಉಜ್ಜಿ ಮೂಸುತ್ತೇವೆ, ಚಿನ್ನವನ್ನು ಒರೆಗಲ್ಲಿಗೆ ತಿಕ್ಕುತ್ತೇವೆ. ಪರದೆಯ ಆಚೆ ಕುಳಿತವನು ಏನನ್ನು ಮೂಸಬೇಕು? ಮಕ್ಕಳಿಗೆ ನಾನು ಶಾಸನಗಳ ಪಾಠ ಹೇಳುವಾಗ, ದಾನ ಕೊಟ್ಟ ಗದ್ದೆಗೆ ಸೂರ್ಯಚಂದ್ರರನ್ನೇ ಸಾಕ್ಷಿಯಾಗಿ ಕೆತ್ತಿಸುತ್ತಿದ್ದರು ಎಂದು ತೋರಿಸುತ್ತೇನೆ. ಎಷ್ಟು ಅನುಕೂಲದ ಸಾಕ್ಷಿಗಳು, ಸಮನ್ಸ್ ಕೊಟ್ಟು ಕರೆಸುವ ಗೋಜಿಲ್ಲ. ನಮ್ಮ ಕಾಲಕ್ಕೆ ಆ ಕೆಲಸ ಹಸಿರು ಶಾಯಿಗೆ ಬಂತು. ಕೆಲಸಕ್ಕೆ ಅರ್ಜಿ ಹಾಕುವಾಗ ನನ್ನ ಅಂಕಪಟ್ಟಿಯ ಜೆರಾಕ್ಸ್ ನಿಜವಾದದ್ದೆಂದು ಹಸಿರು ಶಾಯಿಯಲ್ಲಿ ಸಹಿ ಮಾಡಿಸಲು ತಾಲ್ಲೂಕು ಕಚೇರಿಯ ಮುಂದೆ ಅರ್ಧ ದಿನ ನಿಂತಿದ್ದೆ. ಸಹಿ ಹಾಕಿದ ಅಧಿಕಾರಿ ಜೆರಾಕ್ಸನ್ನೂ ನೋಡಲಿಲ್ಲ, ಅಸಲನ್ನೂ ನೋಡಲಿಲ್ಲ, ನನ್ನನ್ನಂತೂ ನೋಡಲೇ ಇಲ್ಲ. ಆದರೂ ಅಲ್ಲಿಂದ ಹೊರಬಂದಾಗ ನಾನು ಸ್ವಲ್ಪ ಹೆಚ್ಚು ಅಸಲಿಯಾದಂತೆ ಅನ್ನಿಸಿತ್ತು.

ಬಿಲ್ಲು ಬೇಕಾದರೆ ಮಾವನನ್ನೇ ಕೇಳಬೇಕು, ಬೇರೆ ದಾರಿಯಿರಲಿಲ್ಲ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹಾಸನಕ್ಕೆ ಹೋಗಿ, ಚನ್ನರಾಯಪಟ್ಟಣದ ಬಸ್ಸು ಹಿಡಿದೆ. ಅವರೆಕಾಯಿಯ ಕಾಲ, ಹಿತವಾದ ಬಿಸಿಲು. ಮುಂದಿನ ಸೀಟಿನಲ್ಲಿ ಯಾರದೋ ಚೀಲದಿಂದ ಸೊಗಡು ಬರುತ್ತಿತ್ತು. ಕಿಟಕಿಗೆ ತಲೆಯಾನಿಸಿದೆ. ರಾಗಿ ಕೊಯ್ದ ಹೊಲಗಳು ಹಿಂದಕ್ಕೆ ಜಾರುತ್ತಿದ್ದವು, ನಾನೂ ಅವುಗಳ ಜೊತೆ ಹಿಂದಕ್ಕೆ ಹೋದೆ. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ನಡೆದದ್ದು, ಅವರ ತಲೆಗೂದಲಿನ ಹರಳೆಣ್ಣೆಯ ವಾಸನೆ, ಮೇಲಿನಿಂದ ಕಂಡ ಅಷ್ಟಗಲ ನೀರು. ಅವತ್ತು ಯಾರಾದರೂ ಬಂದು, ಈ ಮಾವ ಅಸಲಿಯೇ, ಕಾಗದ ತೋರಿಸು ಎಂದಿದ್ದರೆ ಏನು ಮಾಡುತ್ತಿದ್ದೆ? ಬಹುಶಃ ಅವರ ಕೂದಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಕಂಡಕ್ಟರು “ಶಾಂತಿಗ್ರಾಮ ಯಾರ್ರೀ” ಎಂದು ಕೂಗಿದಾಗ ಬೆಚ್ಚಿ ಎದ್ದೆ.

ಮಾವ ಕೊಟ್ಟಿಗೆಯಲ್ಲಿದ್ದರು. ಕೈ ತೊಳೆದು ಬಂದು ಜಗಲಿಯ ಮೇಲೆ ಕೂತರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ನಯವಾದ ಪೀಠಿಕೆಯೆಲ್ಲ ಮರೆತುಹೋಗಿ, “ಮಾವ, ಆ ವಾಚಿನ ಬಿಲ್ಲು ಇದೆಯಾ?” ಎಂದು ನೇರವಾಗಿ ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಒಳಗೆ ಎದ್ದುಹೋದರು. ಅವರಿಗೆ ಸಿಟ್ಟು ಬಂತು, ಇನ್ನು ನನ್ನ ಮನೆಯ ನೀರೂ ಕುಡಿಯುವುದಿಲ್ಲ ಅಂದುಕೊಂಡೆ.

ಐದು ನಿಮಿಷದ ಮೇಲೆ ಪಹಣಿ, ರೇಷನ್ ಕಾರ್ಡು ಇಡುವ ತಗಡಿನ ಡಬ್ಬ ಹಿಡಿದು ಬಂದರು. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬಿಲ್ಲು, ಬಿಲ್ಲಿಗೆ ಗುಂಡುಸೂಜಿ ಚುಚ್ಚಿದ ಗ್ಯಾರಂಟಿ ಕಾರ್ಡು. ಬೆಂಗಳೂರಿನ ಅಂಗಡಿಯದು. ಎಲ್ಲ ಇಂಗ್ಲಿಷಿನಲ್ಲಿ, ಮಾವನ ಹೆಸರು, ಊರು, ಗಡಿಯಾರದ ನಂಬರು.

“ಅದ್ನಾಕು ವರ್ಸದಿಂದ ಮಡಗಿವ್ನಿ. ಯಾರಾರ ಕೇಳುದ್ರೆ ತೋರ್ಸಾನ ಅಂತ. ಒಬ್ರೂ ಕೇಳ್ನಿಲ್ಲ ಕಣವ್ವ.”

“ಕೇಳಿದರೆ ನಿಮಗೆ ಬೇಜಾರಾಗುತ್ತೆ ಅಂತ ಮಾವ…”

“ಕೇಳುದ್ರೆ ಯಾತರ ಬೇಜಾರು? ಎಮ್ಮೆ ಕೊಳ್ಳಾಕ್ ಬಂದೋನು ಬಾಯ್ ಬುಡ್ಸಿ ಅಲ್ಲು ನೋಡಾಕಿಲ್ವಾ? ನೋಡ್ಲಿ. ಅಲ್ಲು ನೋಡ್ದೇನೆ, ಮುದಿ ಎಮ್ಮೆ ಅಂದ್ಬುಟ್ಟು ಎದ್ದೋಯ್ತನಲ್ಲ, ಅದು ಉರಿಯಾದು.” ನನ್ನ ಮುಖ ನೋಡಿದರು. “ನಿಂಗೂ ಅನ್ಮಾನ ಇತ್ತಾ ಗಿರಿಜಾ?”

ಸುಳ್ಳು ಹೇಳಬಹುದಿತ್ತು. “ಇತ್ತು ಮಾವ” ಅಂದೆ. ನನಗೆ ಅಳು ಬಂತು. ಅವರು ಅಳು ಕಾಣದವರಂತೆ ಕೊಟ್ಟಿಗೆಯ ಕಡೆ ನೋಡುತ್ತ, ಗಡಿಯಾರ ಕೊಳ್ಳಲು ಹೋದ ದಿನ ತಮ್ಮ ಪಂಚೆ ನೋಡಿ ಅಂಗಡಿಯ ಬಾಗಿಲಲ್ಲೇ ತಡೆದದ್ದನ್ನೂ, ಮರುದಿನ ಯಾರದೋ ಪ್ಯಾಂಟು ಸಾಲ ತಂದು ಹಾಕಿಕೊಂಡು ಹೋದದ್ದನ್ನೂ ನಗುತ್ತ ಹೇಳಿದರು. ಆಮೇಲೆ ನನಗೆ ಊಟ ಬಡಿಸಿದರು. ಹೊರಡುವಾಗ ಕಾಗದಕ್ಕೆ ಕೈ ಚಾಚಿದೆ, ಅವರು ಡಬ್ಬ ಮುಚ್ಚಿದರು.

“ವಾಚು ಬೇಕಾರೆ ಮಾರ್ಕೊ. ನಿಂಗ್ ಕೊಟ್ಟಿದ್ದು, ಅದು ನಿಂದು. ಈ ಕಾಗ್ದ ಮಾತ್ರ ಕೊಡಾಕಿಲ್ಲ, ಇದು ನಂದು.”

ಅಲ್ಲೇ ಫೋಟೋ ತೆಗೆದುಕೊಳ್ಳಲು ಬಿಟ್ಟರು. ಅದನ್ನು ನಾಗಪುರಕ್ಕೆ ಕಳುಹಿಸಿದೆ. ಮಹಾಶಯರು ಸಭ್ಯರೇ. ಕಾಗದದಲ್ಲಿ ನಂಬರು ಇದೆ, ಆದರೆ ಗಡಿಯಾರದಲ್ಲಿ ಕಾಣದೆ ಎರಡನ್ನೂ ತಾಳೆ ನೋಡುವುದು ಹೇಗೆ, ಮೇಲಿನ ಬರಹವನ್ನು ಉಜ್ಜಿ ತೆಗೆಸಿದರೆ ಅಡಿಯ ನಂಬರು ಕಂಡೀತು, ಆಗ ಕೇಳಿದ ಬೆಲೆಯನ್ನೇ ಕೊಡುತ್ತೇನೆ ಎಂದು ಬರೆದರು. ಅವರ ಮೇಲೆ ನನಗೆ ಕೋಪವಿಲ್ಲ. ಎಮ್ಮೆಯ ಹಲ್ಲು ನೋಡಲು ಬಂದವರು, ನೋಡಿದರು. ನಾನೇ ಗಡಿಯಾರವನ್ನು ತಾಣದಿಂದ ಇಳಿಸಿ ಕೈಗೆ ಕಟ್ಟಿಕೊಂಡೆ. ಆ ವಾರವೆಲ್ಲ ಪಾಠ ಮಾಡುವಾಗ ಬೇಕಿಲ್ಲದಿದ್ದರೂ ಬೋರ್ಡಿನ ಮೇಲ್ತುದಿಯಲ್ಲೇ ಬರೆಯುತ್ತಿದ್ದೆ.

ಅತ್ತೆಗೆ ಹೇಳಬೇಕಾದ ಕಷ್ಟದ ಕೆಲಸ ಉಳಿದಿತ್ತು. ಒಂದು ಮಧ್ಯಾಹ್ನ ಅವರು ಅವರೆಕಾಳು ಹಿತಕುತ್ತ ಕುಳಿತಿದ್ದಾಗ ನಾನೂ ಪಕ್ಕದಲ್ಲಿ ಕುಳಿತು, ತಗಡಿನ ಡಬ್ಬದ ಕತೆಯನ್ನು ಆದ ಹಾಗೇ ಹೇಳಿದೆ. ಕಾಳುಗಳು ಒಂದೊಂದಾಗಿ ಸಿಪ್ಪೆಯಿಂದ ಜಾರಿ ಬಟ್ಟಲಿಗೆ ಬೀಳುತ್ತಿದ್ದವು. ಬಟ್ಟಲು ತುಂಬಿದ ಮೇಲೆ, “ಭಾನ್ವಾರ ಬೀಗ್ರನ್ನ ಊಟಕ್ಕೆ ಬರಾಕೇಳು. ಕಾಗ್ದಾನೂ ತರಾಕೇಳು” ಅಂದರು.

ಭಾನುವಾರ ಮಾವ ಬಂದರು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪ್ಲಾಸ್ಟಿಕ್ ಕವರು. ನೀರು ಕುಡಿದು ಕುರ್ಚಿಯ ತುದಿಯಲ್ಲಿ ಕುಳಿತರು. ಎಲೆ ಹಾಕಿದರೂ ಏಳಲಿಲ್ಲ. ನಮ್ಮವರು ಕಾಯಿ ರೇಟಿನ ಬಗ್ಗೆ ಏನೇನೋ ಮಾತಾಡಿ ಸುಸ್ತಾದರು. ಆಗ ಅತ್ತೆ ಅಡಿಗೆಮನೆಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಮಾವನ ಎದುರಿಗೇ ನಿಂತರು.

“ಬೀಗ್ರೇ, ಆ ವಾಚಿನ ಕಾಗ್ದ ಒಸಿ ತೋರ್ಸಿ. ಅವತ್ತೇ ಕೇಳ್ಬೇಕಾಗಿತ್ತು, ನಾನ್ ಕೇಳ್ನಿಲ್ಲ.”

ಮಾವ ಕವರು ಬಿಚ್ಚಿ ಎರಡೂ ಕೈಯಲ್ಲಿ ಕೊಟ್ಟರು. ಅತ್ತೆಗೆ ಕನ್ನಡದಲ್ಲಿ ತಮ್ಮ ಹೆಸರು ಬರೆಯುವುದು ಬಿಟ್ಟರೆ ಓದು ಬಾರದು, ಇಂಗ್ಲಿಷಂತೂ ದೂರವೇ ಉಳಿಯಿತು. ಅದು ಮಾವನಿಗೂ ಗೊತ್ತು. ಆದರೂ ಅತ್ತೆ ಕನ್ನಡಕ ತರಿಸಿ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು. ಮಾವ ಪರೀಕ್ಷೆಯ ಫಲಿತಾಂಶಕ್ಕೆ ಬಂದವರಂತೆ ಎದ್ದು ನಿಂತಿದ್ದರು.

“ಒರಿಜಿನಲ್ಲೇ ಕಣ್ ಬೀಗ್ರೇ” ಅಂದರು ಅತ್ತೆ.

ಮಾವ ಕಾಗದವನ್ನು ಹಳೆಯ ಮಡಿಕೆಗೇ ಮಡಿಸಿ ಜೇಬಿಗಿಟ್ಟುಕೊಂಡು, ಕೈ ತೊಳೆದು ಬಂದು ಎಲೆಯ ಮುಂದೆ ಕುಳಿತರು. ಎರಡನೆಯ ಮುದ್ದೆ ಮುರಿಯುವಾಗ ತಲೆಯೆತ್ತದೆ, “ಇನ್ನೊಂದ್ ಸೌಟು ಸಾರು ಬುಡವ್ವ” ಅಂದರು.