ಸಾಕದ ನಾಯಿ

ಬಸವಾಪಟ್ಟಣದ ಬಸ್ ನಿಲ್ದಾಣದ ಹತ್ತಿರ ಸಿದ್ದಲಿಂಗಮ್ಮನವರು ರವಿಕೆ ಹೊಲಿಯುತ್ತಾರೆ. ಎದುರಿನ ಜೆರಾಕ್ಸ್ ಅಂಗಡಿ ನನ್ನದು. ಹತ್ತು ವರ್ಷದಿಂದ ದಿನಾ ಮುಖ ನೋಡುತ್ತೇವೆ. ಮಾತಾಡುವುದು ಕತ್ತರಿ ಬೇಕಾದಾಗ ಮಾತ್ರ, ನನಗೂ ಪುರುಸೊತ್ತಿಲ್ಲ ನೋಡಿ.

ಟ್ರ್ಯಾಕ್ಟರ್ ಮಗುಚಿ ಗಂಡ ಹೋದಾಗ ಸಿದ್ದಲಿಂಗಮ್ಮನವರ ಹೊಟ್ಟೆಗೂ ಪೆಟ್ಟಾಗಿ, ಆಸ್ಪತ್ರೆಯಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ತೆಗೆದಿದ್ದರು. ಗುಲ್ಮ ಇಲ್ಲದವರಿಗೆ ಸಣ್ಣ ಸೋಂಕೂ ಜೀವಕ್ಕೆ ಕುತ್ತು ತರಬಹುದು, ಜ್ವರ ಬಂದರೆ ತಡಮಾಡಬೇಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರಂತೆ. ಅದನ್ನು ಓದಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಈ ಶ್ರಾವಣದಲ್ಲಿ ಎರಡು ದಿನ ಅವರು ಅಂಗಡಿ ಬಾಗಿಲು ತೆಗೆಯಲಿಲ್ಲ. ಗಿರಾಕಿಗಳು ಬಂದು ನನ್ನ ತಲೆ ತಿನ್ನತೊಡಗಿದರು. ಸಿಡಿಮಿಡಿಗೊಂಡೇ ಅವರ ಮನೆಗೆ ಹೋದೆ. ನೆಲದ ಮೇಲೆ ಬಿದ್ದು ಗಡಗಡ ನಡುಗುತ್ತಿದ್ದರು. ಆಂಬುಲೆನ್ಸ್ ಕರೆಸಿ ದಾವಣಗೆರೆಗೆ ಕರೆದೊಯ್ದೆ.

ಡಾಕ್ಟರು ರಕ್ತವನ್ನು ಪರೀಕ್ಷೆಗೆ ಕಳಿಸಿ, ಔಷಧಿ ಶುರುಮಾಡಿ, ಒಂದೊಂದೇ ಪ್ರಶ್ನೆ ಕೇಳಿದರು. "ಮನೇಲಿ ನಾಯಿ ಸಾಕಿದ್ದೀರಾ?"

"ಇಲ್ರೀ," ಎಂದರು ಸಿದ್ದಲಿಂಗಮ್ಮ. ನಾನೂ ಇಲ್ಲ ಎಂದು ತಲೆಯಾಡಿಸಿದೆ.

ಆರನೇ ದಿನಕ್ಕೆ ಜ್ವರ ಇಳಿದಿತ್ತು. ಡಾಕ್ಟರು ವರದಿ ಹಿಡಿದು ಬಂದರು. "ನಿಮ್ಮ ರಕ್ತದಲ್ಲಿ ಸಿಕ್ಕಿರೋದು ನಾಯಿ ಬಾಯಲ್ಲಿರೋ ಬ್ಯಾಕ್ಟೀರಿಯಾ. ಇಂಥದ್ದು ಅಪರೂಪ. ನಾಯಿ ಎಲ್ಲಿಂದ ಬಂತು ಹೇಳಿ."

"ಸಾಕಿಲ್ಲ ಸಾರ್. ಬೀದಿದು. ಅದೇ ಬಂದು ಮಿಷಿನ್ ಕೆಳಗೆ ಮಲಗ್ತೈತೆ. ನಾನು ಪೆಡಲ್ ತುಳೀತಿರ್ತೀನಿ, ಅದು ಕಾಲು ನೆಕ್ತಿರ್ತೈತೆ."

ಡಾಕ್ಟರು ಹೊದಿಕೆ ಸರಿಸಿದರು. ಹಿಮ್ಮಡಿ ತುಂಬ ಒಡಕು, ಸೋಂಕು ಒಳಹೊಕ್ಕ ದಾರಿ ಅದೇ. ಆ ನಾಯಿಯನ್ನು ನಾನು ದಿನಾ ಕಂಡಿದ್ದೆ, ಹಚಾ ಅಂದೂ ಇದ್ದೆ. ಊಟ ಹಾಕುವ ಮನೆಯಿಲ್ಲದ ನಾಯಿಯನ್ನು ನಮ್ಮ ಕಡೆ ಯಾರೂ ಸಾಕಿದ್ದು ಅನ್ನುವುದಿಲ್ಲ.

"ಇನ್ನು ಅದನ್ನ ಹತ್ರ ಸೇರಿಸಬೇಡಿ. ಇನ್ನೊಂದು ಸಲ ಹೀಗಾದ್ರೆ ಉಳಿಸೋದು ಕಷ್ಟ," ಎಂದರು ಡಾಕ್ಟರು.

ಸಿದ್ದಲಿಂಗಮ್ಮನವರ ಕಣ್ಣು ತುಂಬಿತು. "ಓಡಿಸ್ತೀನಿ ಸಾರ್. ಆದ್ರೆ ಊರಾಗಿನ ಹೆಂಗಸ್ರಿಗೆಲ್ಲ ನಾನು ಟೇಪು ಹಿಡಿದು ಅಳತೆ ತಗೀತೀನಿ. ನನ್ನನ್ನ ಮುಟ್ಟೋದು ಆ ನಾಯಿ ಒಂದೇ."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಸಿದ್ದಲಿಂಗಮ್ಮನವರ ಕೈ ಹೊದಿಕೆಯ ಮೇಲಿತ್ತು, ನನ್ನಿಂದ ಒಂದು ಗೇಣು ದೂರ. ಹಿಡಿಯಬೇಕೆನಿಸಿತು. ಹತ್ತು ವರ್ಷ ಹಿಡಿಯದ ಕೈಯನ್ನು ಈಗ ಹೇಗೆ ಹಿಡಿಯಲಿ ಎಂದು ನಾಚಿಕೆಯಾಗಿ, ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತೇನೆಂದು ಹೇಳಿ ಹೊರಗೆ ಬಂದೆ.