ಅತ್ತಿಗೆಯ ಎರಡು ಸ್ಲೈಡುಗಳು

ಚಾಮರಾಜಪೇಟೆಯ ಒಂದು ಲ್ಯಾಬಿನಲ್ಲಿ ನಾನು ಪೆಥಾಲಜಿಸ್ಟ್. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಅಣ್ಣ, ಅತ್ತಿಗೆ ತ್ಯಾಗರಾಜನಗರದಲ್ಲಿದ್ದರು. ಅತ್ತಿಗೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಮೂರು ತಿಂಗಳು ಮುಚ್ಚಿಟ್ಟುಕೊಂಡಿದ್ದು ಕೊನೆಗೆ ನನಗೆ ಹೇಳಿದರು. ಗರ್ಭಕೋಶದ ಒಳಪದರದ ಬಯಾಪ್ಸಿ ಮಾಡಿಸಿದೆ. ಸ್ಲೈಡು ನನ್ನ ಮೇಜಿಗೇ ಬಂತು.

ಆ ಪದರದ ಗ್ರಂಥಿಗಳು ಸಾಮಾನ್ಯವಾಗಿ ನಡುವೆ ಬೇಕಾದಷ್ಟು ಜಾಗ ಬಿಟ್ಟುಕೊಂಡು ಬಿಡಿಬಿಡಿಯಾಗಿರುತ್ತವೆ. ಅತ್ತಿಗೆಯದರಲ್ಲಿ ಒತ್ತೊತ್ತಾಗಿ, ಸೊಟ್ಟಸೊಟ್ಟಗೆ ಬೆಳೆದಿದ್ದವು. ಜೀವಕೋಶಗಳ ಕೇಂದ್ರಗಳು ಊದಿ ದುಂಡಗಾಗಿದ್ದವು. ಆದರೂ ಗ್ರಂಥಿಗಳ ನಡುವೆ ತೆಳ್ಳನೆಯ ಅಂಗಾಂಶ ಇನ್ನೂ ಉಳಿದಿತ್ತು. ಕ್ಯಾನ್ಸರಿನ ಹಿಂದಿನ ಮೆಟ್ಟಿಲು.

ಸಂಜೆ ಅವರ ಮನೆಗೆ ಹೋದೆ. ಬಾಗಿಲಲ್ಲೇ ಕೇಳಿದರು.

"ಕ್ಯಾನ್ಸರ್ರಾ?"

"ಅಲ್ಲ ಅತ್ತಿಗೆ. ಆದ್ರೆ..."

ಅವರು ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡರು. ಕಣ್ಣೊರೆಸಿಕೊಂಡು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಗರ್ಭಕೋಶ ತೆಗೆಸಲೇಬೇಕು ಎಂದೆ.

"ಹತ್ತನೇ ಕ್ಲಾಸಿನ ಪರೀಕ್ಷೆ ಮುಗೀಲಿ ಕಣೆ, ಮಾಡಿಸ್ಕೋತೀನಿ."

ಡಾಕ್ಟರ್ ಕೊಟ್ಟ ಮಾತ್ರೆಗೆ ರಕ್ತ ನಿಂತಿತು. ಪರೀಕ್ಷೆಯ ನಂತರ ಮೌಲ್ಯಮಾಪನ ಬಂತು, ಆಮೇಲೆ ಹೊಸ ಅಡ್ಮಿಷನ್. ಮಾತ್ರೆಯನ್ನೂ ಬಿಟ್ಟರು. ವಿಷಯ ಎತ್ತಿದಾಗಲೆಲ್ಲ ಅವರ ಮುಖ ಸಪ್ಪಗಾಗುತ್ತಿತ್ತು. ಅದನ್ನು ನೋಡಲಾರದೆ ನಾನು ಕೇಳುವುದನ್ನೇ ನಿಲ್ಲಿಸಿದೆ.

ಒಂದೂವರೆ ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡು ಇನ್ನೊಂದು ಬಯಾಪ್ಸಿಯಾಯಿತು, ಎರಡನೇ ಸ್ಲೈಡು ಬಂತು. ನಡುವಿನ ಅಂಗಾಂಶ ಇರಲೇ ಇಲ್ಲ. ಗ್ರಂಥಿಗಳು ಬೆನ್ನಿಗೆ ಬೆನ್ನು ಅಂಟಿ, ಒಂದರೊಳಗೊಂದು ಸೇರಿ ಜರಡಿಯಂತಾಗಿದ್ದವು. ಕೆಲವು ಕಡೆ ಗ್ರಂಥಿಯ ಆಕಾರವೇ ಅಳಿಸಿಹೋಗಿತ್ತು. ಪಕ್ಕದ ಮೇಜಿನ ಸಹೋದ್ಯೋಗಿಗೆ ತೋರಿಸಿದೆ.

"ಯಾರ್ದು ಇದು?" ಎಂದು ಕೇಳಿದರು.

"ನಮ್ಮ ಅತ್ತಿಗೇದು" ಎಂದು ಪೆನ್ನನ್ನು ಅವರ ಕಡೆ ಸರಿಸಿದೆ. ರಿಪೋರ್ಟಿಗೆ ಅವರೇ ಸಹಿ ಹಾಕಿದರು.

ಆಪರೇಷನ್ ಆಯಿತು. ಅಷ್ಟರಲ್ಲಿ ಅದು ಗರ್ಭಕೋಶದ ಗೋಡೆ ದಾಟಿ ಹೊಟ್ಟೆಯೊಳಗೆ ಹರಡಿತ್ತು. ಕೀಮೋಗೆ ಕೂದಲು ಉದುರಿತು, ಊಟ ಸೇರದಾಯಿತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡರು.

"ಅವತ್ತು ಅಲ್ಲ ಅಂದ್ಯಲ್ಲ, ನಿಜವಾಗ್ಲೂ ಇರ್ಲಿಲ್ವಾ?"

"ಅವತ್ತು ಇರ್ಲಿಲ್ಲ ಅತ್ತಿಗೆ."

"ಹಾಗಾದ್ರೆ ನಾನೇ ಬೆಳೆಸ್ಕೊಂಡೆ ಬಿಡು."

ನಾನೂ ಸುಮ್ಮನಿದ್ದುಬಿಟ್ಟೆ ಎಂದು ಹೇಳಬೇಕಿತ್ತು. ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಆಷಾಢದಲ್ಲಿ ತೀರಿಕೊಂಡರು. ಅಣ್ಣ ಇವತ್ತಿನವರೆಗೂ ನನ್ನನ್ನು ಏನೂ ಕೇಳಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.